ಈಜುಕೊಳದ ಗೇಟಿನಲ್ಲಿ ಒಬ್ಬ ಫುಟ್‌ಬಾಲ್ ಆಟಗಾರ
(ರಾಜ್ಯಶಾಸ್ತ್ರ ಪಾಠಕ್ಕೆ ಪೂರಕ ಓದು)



ಮೂಲಭೂತ ಹಕ್ಕುಗಳ ಪಾಠ ಮಾಡುತ್ತಿದ್ದ ದಿನ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: “ಸರ್, 14ನೇ ವಿಧಿಯೊಳಗ ಕಾನೂನಿನ ಮುಂದ ಎಲ್ಲಾರೂ ಸಮಾನ ಅಂತ ಬರದೇ ಬಿಟ್ಟಾರಲ್ರಿ. ಮತ್ತ 15ರೊಳಗ ಬಾವಿ, ಕೆರಿ, ಸ್ನಾನಘಟ್ಟ ಅಂತ ಒಂದೊಂದ ಹೆಸರು ಹಿಡದು ಯಾಕ ಬರೀಬೇಕಿತ್ತು?”

ಅಷ್ಟರಲ್ಲಿ ಗಂಟೆ ಹೊಡೆಯಿತು. ಎರಡು ನಿಮಿಷದಲ್ಲಿ ಉತ್ತರಿಸುವ ಪ್ರಶ್ನೆ ಅದಾಗಿರಲಿಲ್ಲ. ವಾರ್ತಾಪತ್ರಿಕೆಗೆ ಬರೆದು ಕೊಡುತ್ತೇನೆ ಎಂದು ಅವಳಿಗೆ ಮಾತು ಕೊಟ್ಟೆ. ಆ ಮಾತಿನಂತೆ ಈ ಲೇಖನ.

ವಿಧಿ ಏನು ಹೇಳುತ್ತದೆ?

ಮೊದಲು ಪಠ್ಯವನ್ನು ನೆನಪು ಮಾಡಿಕೊಳ್ಳೋಣ. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 15ನೇ ವಿಧಿಯ ಎರಡನೇ ಖಂಡದಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲು ಮತ್ತು ಮನರಂಜನೆಯ ಸ್ಥಳಗಳ ಬಗ್ಗೆ. ಎರಡನೆಯದು ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಮತ್ತು ಜನ ಸೇರುವ ಸಾರ್ವಜನಿಕ ಸ್ಥಳಗಳ ಬಗ್ಗೆ. ಸರ್ಕಾರದ ಹಣದಿಂದ ಪೂರ್ತಿಯಾಗಿಯೋ ಭಾಗಶಃವಾಗಿಯೋ ನಡೆಯುವ, ಇಲ್ಲವೇ ಜನರ ಬಳಕೆಗೆಂದೇ ಬಿಟ್ಟುಕೊಟ್ಟ ಇಂಥ ಜಾಗಗಳಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಎಂಬ ಕಾರಣ ಮಾತ್ರಕ್ಕೆ ಯಾವ ನಾಗರಿಕನನ್ನೂ ತಡೆಯುವಂತಿಲ್ಲ. ಪುರಸಭೆ ಕಟ್ಟಿಸಿದ ಈಜುಕೊಳವೂ ಇದರೊಳಗೇ ಬರುತ್ತದೆ.

1955ರಲ್ಲಿ ಸಂಸತ್ತು ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯನ್ನು ಮಾಡಿತು. ಇಂದು ಅದನ್ನು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎನ್ನುತ್ತೇವೆ. ಅದರ 4ನೇ ಕಲಮು ನದಿ, ಹಳ್ಳ, ಬುಗ್ಗೆ, ಬಾವಿ, ಕೆರೆ, ತೊಟ್ಟಿ, ನಲ್ಲಿ, ಸ್ನಾನಘಟ್ಟ ಎಂದು ಪಟ್ಟಿಯನ್ನು ಇನ್ನೂ ಉದ್ದ ಮಾಡುತ್ತದೆ. ಈ 1955 ಎಂಬ ಇಸವಿಯನ್ನು ನೆನಪಿನಲ್ಲಿಡಿ. ಅದೇ ವರ್ಷ ದೂರದ ಇನ್ನೊಂದು ದೇಶದ ಸಣ್ಣ ಪಟ್ಟಣವೊಂದು ಇದಕ್ಕೆ ಪೂರಾ ವಿರುದ್ಧವಾದ ಠರಾವು ಪಾಸು ಮಾಡಿತ್ತು. ಆ ಠರಾವನ್ನು ತೆಗೆಸಿದವನು ಒಬ್ಬ ಕಾಲೇಜು ವಿದ್ಯಾರ್ಥಿ. ಅವನು ಆಟಗಾರನೂ ಆಗಿದ್ದ.

ಚಾರ್ಲ್ಸ್ ಪರ್ಕಿನ್ಸ್

ಆಸ್ಟ್ರೇಲಿಯಾದ ನಟ್ಟನಡುವೆ ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿದೆ. 1936ರಲ್ಲಿ ಅಲ್ಲಿಯ ಮೂಲನಿವಾಸಿಗಳ ವಸತಿಯಲ್ಲಿ ಚಾರ್ಲ್ಸ್ ಪರ್ಕಿನ್ಸ್ ಹುಟ್ಟಿದ. ಆ ದೇಶಕ್ಕೆ ಬಿಳಿಯರು ಬರುವ ಸಾವಿರಾರು ವರ್ಷ ಮೊದಲೇ ಅಲ್ಲಿ ಬಾಳಿದ್ದ ಜನ ಅವನವರು. ಚಿಕ್ಕವನಿದ್ದಾಗಲೇ ಅವನನ್ನು ಓದಿಗೆಂದು ಅಡಿಲೇಡ್ ನಗರದ ಒಂದು ಚರ್ಚಿನ ಬಾಲಕರ ವಸತಿಗೃಹಕ್ಕೆ ಕಳಿಸಲಾಯಿತು. ಮುಂದೆ ಅವನು ಫಿಟ್ಟರ್ ಕೆಲಸ ಕಲಿತ. ನಮ್ಮ ಐಟಿಐ ಹುಡುಗರು ಕಲಿಯುವಂಥ ಕೆಲಸವೇ ಅದು.

ಅವನ ಕೈ ಹಿಡಿದದ್ದು ಫುಟ್‌ಬಾಲ್. ಆಟ ಅವನನ್ನು ಇಂಗ್ಲೆಂಡಿನವರೆಗೆ ಕರೆದೊಯ್ದಿತು. 1957ರಲ್ಲಿ ಎವರ್ಟನ್ ಎಂಬ ದೊಡ್ಡ ಕ್ಲಬ್ಬಿನಲ್ಲಿ ಆಯ್ಕೆ ಪರೀಕ್ಷೆಗೆ ಹೋದ. ಆಮೇಲೆ ಕಲ್ಲಿದ್ದಲ ಗಣಿಯಲ್ಲಿ ದುಡಿಯುತ್ತಲೇ ಬಿಷಪ್ ಆಕ್ಲೆಂಡ್ ಎಂಬ ತಂಡಕ್ಕೆ ಆಡಿದ. ಆ ತಂಡ ಒಮ್ಮೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮೇಲೆ ಆಡಲು ಹೋದಾಗ ಅಲ್ಲಿಯ ವಿದ್ಯಾರ್ಥಿಗಳನ್ನು ನೋಡಿ, ತಾನೂ ವಿಶ್ವವಿದ್ಯಾಲಯದಲ್ಲಿ ಓದಬೇಕು ಎಂಬ ಆಸೆ ಅವನಲ್ಲಿ ಹುಟ್ಟಿತು.

ಆಸ್ಟ್ರೇಲಿಯಾಕ್ಕೆ ಮರಳಿದ ಮೇಲೆ ಅವನು ಆಡಿದ್ದು ವಲಸೆ ಬಂದವರ ಕ್ಲಬ್ಬುಗಳಿಗೆ. ಅಡಿಲೇಡಿನಲ್ಲಿ ಕ್ರೊಯೇಷ್ಯಾದವರದು, ಸಿಡ್ನಿಯಲ್ಲಿ ಗ್ರೀಕರದು. ಗ್ರೀಕರ ಆ ಕ್ಲಬ್ಬಿನ ಹೆಸರು ಪ್ಯಾನ್‌ಹೆಲೆನಿಕ್. ತಾವೇ ಹೊರಗಿನವರೆನಿಸಿಕೊಂಡಿದ್ದ ಆ ಜನ ಅವನನ್ನು ತಮ್ಮವನಂತೆ ಕಂಡರು. ಆಟದಿಂದ ಬಂದ ಹಣ ಓದಿಗೆ ನೆರವಾಯಿತು. 1963ರಲ್ಲಿ ಅವನು ಸಿಡ್ನಿ ವಿಶ್ವವಿದ್ಯಾಲಯ ಸೇರಿದ. ಆಗ ಅವನಿಗೆ 27ರ ಆಸುಪಾಸು. ಓದು ತಡವಾಯಿತು ಎಂದು ಬೇಸರಪಡುವ ನಮ್ಮ ಮಕ್ಕಳು ಇದನ್ನು ಗಮನಿಸಬೇಕು.

ಬಸ್ಸು ಹೊರಟಿತು

1964ರಲ್ಲಿ ಸಿಡ್ನಿಯ ವಿದ್ಯಾರ್ಥಿಗಳು ಅಮೆರಿಕದ ದೂತಾವಾಸದ ಮುಂದೆ ಪ್ರತಿಭಟನೆ ಮಾಡಿದರು. ಅಮೆರಿಕದಲ್ಲಿ ಕರಿಯರನ್ನು ಬೇರೆ ಇಡುವುದನ್ನು ವಿರೋಧಿಸಿ ನಡೆದ ಪ್ರತಿಭಟನೆ ಅದು. ಆಗ ಅವರ ಮೇಲೆ ಒಂದು ಟೀಕೆ ಬಂತು: ದೂರದ ಅನ್ಯಾಯ ಕಾಣುವ ನಿಮಗೆ ನಿಮ್ಮ ದೇಶದ ಮೂಲನಿವಾಸಿಗಳ ಗತಿ ಕಾಣುವುದಿಲ್ಲವೇ? ಟೀಕೆಯಲ್ಲಿ ಹುರುಳಿತ್ತು. ಅದನ್ನು ಅವರು ಒಪ್ಪಿಕೊಂಡರು. ಮೂಲನಿವಾಸಿಗಳ ಪರವಾಗಿ ಒಂದು ವಿದ್ಯಾರ್ಥಿ ಸಂಘಟನೆ ಕಟ್ಟಿ ಪರ್ಕಿನ್ಸ್‌ನನ್ನು ಅಧ್ಯಕ್ಷನನ್ನಾಗಿ ಮಾಡಿದರು. ಜಿಮ್ ಸ್ಪಿಗೆಲ್‌ಮನ್ ಕಾರ್ಯದರ್ಶಿಯಾದ. ಈತ ಮುಂದೆ ನ್ಯೂ ಸೌತ್ ವೇಲ್ಸ್ ರಾಜ್ಯದ ಮುಖ್ಯ ನ್ಯಾಯಾಧೀಶನಾದ.

1965ರ ಫೆಬ್ರವರಿ 12ರಂದು ಸುಮಾರು ಮೂವತ್ತು ವಿದ್ಯಾರ್ಥಿಗಳು ಒಂದು ಬಾಡಿಗೆ ಬಸ್ಸಿನಲ್ಲಿ ಹೊರಟರು. 1961ರಲ್ಲಿ ಅಮೆರಿಕದಲ್ಲಿ ನಡೆದ ಬಸ್ ಚಳವಳಿಯ ಹೆಸರನ್ನೇ ತಮ್ಮ ಪ್ರಯಾಣಕ್ಕೂ ಇಟ್ಟುಕೊಂಡರು: ಫ್ರೀಡಂ ರೈಡ್. ಬಸ್ಸಿನಲ್ಲಿದ್ದವರಲ್ಲಿ ಹೆಚ್ಚಿನವರು ಬಿಳಿಯರೇ. ಊರೂರಿಗೆ ಹೋಗಿ ಮೂಲನಿವಾಸಿಗಳ ಮನೆ, ನೀರು, ಆರೋಗ್ಯ, ಶಾಲೆಯ ಸ್ಥಿತಿ ವಿಚಾರಿಸಿ ಬರೆದುಕೊಳ್ಳುವುದು ಅವರ ಮೊದಲ ಕೆಲಸ. ಎಲ್ಲಿ ತಾರತಮ್ಯ ಕಂಡಿತೋ ಅಲ್ಲಿ ಫಲಕ ಹಿಡಿದು ನಿಲ್ಲುವುದು ಎರಡನೆಯದು.

ವಾಲ್ಗೆಟ್ ಎಂಬ ಊರಿನಲ್ಲಿ ಮಾಜಿ ಸೈನಿಕರ ಕ್ಲಬ್ಬಿತ್ತು. ಯುದ್ಧದಲ್ಲಿ ದೇಶಕ್ಕಾಗಿ ಹೋರಾಡಿದ ಮೂಲನಿವಾಸಿಗಳಿಗೂ ಅಲ್ಲಿ ಸದಸ್ಯತ್ವ ಕೊಡುತ್ತಿರಲಿಲ್ಲ. ವಿದ್ಯಾರ್ಥಿಗಳು ಸುಡು ಬಿಸಿಲಿನಲ್ಲಿ ಆ ಕ್ಲಬ್ಬಿನ ಮುಂದೆ ನಿಂತರು. ಅಂದು ರಾತ್ರಿ ಊರು ಬಿಟ್ಟು ಹೊರಟಾಗ ಒಂದು ಲಾರಿ ಅವರ ಬಸ್ಸನ್ನು ರಸ್ತೆಯಿಂದ ಕೆಳಗೆ ತಳ್ಳಿತು. ಅಲ್ಲಿಂದ ಅವರು ಬಂದದ್ದು ಮೋರೀ ಪಟ್ಟಣಕ್ಕೆ.

ಮೋರೀ ಈಜುಕೊಳ

ಮೋರೀಯಲ್ಲಿ ನೆಲದಡಿಯಿಂದ ಬಿಸಿನೀರು ಉಕ್ಕುತ್ತದೆ. ಆ ನೀರಿನ ಸ್ನಾನದ ಕೊಳಗಳಿಂದಲೇ ಪಟ್ಟಣಕ್ಕೆ ಹೆಸರು. ಈಜುಕೊಳ ಪುರಸಭೆಯದು, ಅಂದರೆ ಎಲ್ಲರ ತೆರಿಗೆಯದು. ಆದರೆ 1955ರಲ್ಲಿ ಪುರಸಭೆ ಮೂಲನಿವಾಸಿಗಳಿಗೆ ಅಲ್ಲಿ ಪ್ರವೇಶವಿಲ್ಲ ಎಂದು ಠರಾವು ಮಾಡಿತ್ತು.

ಅದರ ಜಾರಿ ಹೇಗಿತ್ತು ನೋಡಿ. ಶಾಲೆಯ ವೇಳೆಯಲ್ಲಿ ಶಿಕ್ಷಕರ ಜೊತೆಗೆ ಮೂಲನಿವಾಸಿ ಮಕ್ಕಳೂ ಕೊಳಕ್ಕೆ ಇಳಿಯಬಹುದಿತ್ತು. ಶಾಲೆ ಬಿಟ್ಟ ಮೇಲೆ ಅವರು ಹೊರಗೆ ಹೋಗಬೇಕಿತ್ತು, ಬಿಳಿಯರ ಮಕ್ಕಳು ಒಳಗೇ ಈಜುತ್ತಿರಬಹುದಿತ್ತು. ಹೊರಗಿಡಲು ಹೇಳುತ್ತಿದ್ದ ಕಾರಣ ಸ್ವಚ್ಛತೆ. ಆದರೆ ಮಧ್ಯಾಹ್ನ ಸ್ವಚ್ಛವಾಗಿದ್ದ ಮಗು ಶಾಲೆ ಬಿಟ್ಟ ಕೂಡಲೇ ಕೊಳಕಾಗುವುದು ಹೇಗೆ? ಒಂದು ನಿಯಮ ತಾನು ಹೇಳುವ ಕಾರಣಕ್ಕೇ ಹೊಂದದಿದ್ದಾಗ ನಿಜವಾದ ಕಾರಣ ಬೇರೆ ಇದೆ ಎಂದು ತಿಳಿಯಬೇಕು. ಯಾವ ನಿಯಮವನ್ನು ಓದುವಾಗಲೂ ಈ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ.

ಪರ್ಕಿನ್ಸ್ ಮತ್ತು ಗೆಳೆಯರು ಊರ ಹೊರಗಿನ ವಸತಿಗೆ ಹೋಗಿ, ಮನೆಯವರ ಒಪ್ಪಿಗೆ ಪಡೆದು ಕೆಲವು ಮಕ್ಕಳನ್ನು ಈಜುಕೊಳಕ್ಕೆ ಕರೆತಂದರು. ಗೇಟಿನಲ್ಲಿ ವಾದ ನಡೆಯಿತು. ಕೊನೆಗೆ ಒಳಗೆ ಬಿಟ್ಟರು. ಮಕ್ಕಳು ಮನಸಾರೆ ಈಜಿದರು. ಗೆದ್ದೆವು ಎಂದುಕೊಂಡು ವಿದ್ಯಾರ್ಥಿಗಳು ಮುಂದಿನ ಊರಿಗೆ ಹೊರಟರು.

ಅಷ್ಟರಲ್ಲಿ ಹಿಂದಿನಿಂದ ಸುದ್ದಿ ಬಂತು: ಮೂಲನಿವಾಸಿಗಳನ್ನು ಮತ್ತೆ ಗೇಟಿನಿಂದಲೇ ತಿರುಗಿಸಿ ಕಳಿಸುತ್ತಿದ್ದಾರೆ.

ಇಲ್ಲಿ ಅವರ ಮುಂದೆ ಎರಡು ದಾರಿಗಳಿದ್ದವು. ನೋಡಬೇಕಾದ ಊರುಗಳು ಇನ್ನೂ ಇದ್ದವು, ಪತ್ರಿಕೆಗಳಲ್ಲಿ ಸುದ್ದಿಯೂ ಆಗಿತ್ತು. ಮುಂದೆ ಹೋಗಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವರು ಬಸ್ಸು ತಿರುಗಿಸಿದರು.

1965ರ ಫೆಬ್ರವರಿ 20, ಶನಿವಾರ. ಪರ್ಕಿನ್ಸ್ ಮತ್ತೆ ಮಕ್ಕಳನ್ನು ಕರೆದುಕೊಂಡು ಅದೇ ಗೇಟಿಗೆ ಬಂದ. ಈ ಸಲ ಬಾಗಿಲು ತೆರೆಯಲಿಲ್ಲ. ಸುತ್ತಲೂ ನೂರಾರು ಜನ ಸೇರಿದರು. ಕೊಳೆತ ತತ್ತಿ, ಟೊಮ್ಯಾಟೊ ಎಸೆದರು, ಉಗುಳಿದರು, ಬೈದರು. ವಿದ್ಯಾರ್ಥಿಗಳು ತಾಸುಗಟ್ಟಲೆ ಗೇಟು ಬಿಟ್ಟು ಕದಲಲಿಲ್ಲ, ತಿರುಗಿ ಕೈ ಎತ್ತಲೂ ಇಲ್ಲ. ಕೊನೆಗೆ ಮೇಯರ್ ಆ ಠರಾವನ್ನು ತೆಗೆಸುವುದಾಗಿ ಒಪ್ಪಿಕೊಂಡರು. ಪೊಲೀಸರ ಕಾವಲಿನಲ್ಲಿ ಬಸ್ಸು ಊರು ಬಿಟ್ಟಿತು.

ಇದೆಲ್ಲ ರೇಡಿಯೊ, ಪತ್ರಿಕೆ, ಟಿವಿಗಳ ಮೂಲಕ ದೇಶಕ್ಕೆಲ್ಲ ತಿಳಿಯಿತು. ಎರಡು ವರ್ಷಗಳ ಮೇಲೆ, 1967ರ ಮೇ 27ರಂದು, ಆಸ್ಟ್ರೇಲಿಯಾದಲ್ಲಿ ಜನಮತಗಣನೆ ನಡೆಯಿತು. ಮೂಲನಿವಾಸಿಗಳನ್ನು ಜನಗಣತಿಯಿಂದ ಹೊರಗಿಟ್ಟಿದ್ದ ಸಂವಿಧಾನದ ಮಾತುಗಳನ್ನು ತೆಗೆದುಹಾಕಲು, ಅವರಿಗಾಗಿ ಕಾನೂನು ಮಾಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಡಲು ಶೇ. 90ಕ್ಕಿಂತ ಹೆಚ್ಚು ಮತದಾರರು ಒಪ್ಪಿಗೆ ಕೊಟ್ಟರು. ಇದಕ್ಕೆ ಬೇರೆ ಬೇರೆ ಜನ ಹಲವು ವರ್ಷ ದುಡಿದಿದ್ದರು. ಆ ಬಸ್ ಪ್ರಯಾಣದ ಪಾಲೂ ಅದರಲ್ಲಿತ್ತು.

ಪರ್ಕಿನ್ಸ್ 1966ರಲ್ಲಿ ಪದವಿ ಪಡೆದ. ಸಿಡ್ನಿ ವಿಶ್ವವಿದ್ಯಾಲಯದಿಂದ ಪದವೀಧರನಾದ ಮೊದಲ ಮೂಲನಿವಾಸಿ ಪುರುಷ ಅವನು. 1984ರಲ್ಲಿ ಮೂಲನಿವಾಸಿ ವ್ಯವಹಾರಗಳ ಕೇಂದ್ರ ಇಲಾಖೆಗೆ ಕಾರ್ಯದರ್ಶಿಯಾದ. 2000ದಲ್ಲಿ ತೀರಿಕೊಂಡ.

ಆಟ ಒಂದೇ ಸಾಕೇ?

ಆಟದಲ್ಲಿ ಹೆಸರು ಮಾಡಿದರೆ ಎಲ್ಲ ಬಾಗಿಲೂ ತಾನೇ ತೆರೆಯುತ್ತದೆ ಎಂದು ನಮ್ಮ ಕ್ರೀಡಾಪಟುಗಳು ನಂಬುವುದುಂಟು. ಧಾರವಾಡದಲ್ಲಿ ಹುಟ್ಟಿದ ಪಳವಣಕರ ಬಾಲೂ ಅವರ ಬದುಕು ನೋಡಿ. ದಲಿತ ಕುಟುಂಬದ ಬಾಲೂ ಪುಣೆಯಲ್ಲಿ ಮೈದಾನದ ಕೆಲಸಗಾರನಾಗಿದ್ದು ಎಡಗೈ ಬೌಲರ್ ಆಗಿ ಬೆಳೆದರು. 1911ರಲ್ಲಿ ಭಾರತ ತಂಡದ ಜೊತೆ ಇಂಗ್ಲೆಂಡಿಗೆ ಹೋಗಿ 100ಕ್ಕೂ ಹೆಚ್ಚು ವಿಕೆಟ್ ಪಡೆದರು. ಅಂಥವರಿಗೂ ಪುಣೆಯಲ್ಲಿ ಆಡುತ್ತಿದ್ದ ದಿನಗಳಲ್ಲಿ ಚಹಾ ಕೊಡುತ್ತಿದ್ದದ್ದು ಪೆವಿಲಿಯನ್ನಿನ ಹೊರಗೆ, ಬೇರೆ ಮಣ್ಣಿನ ಬಟ್ಟಲಿನಲ್ಲಿ. ಅವರು ಎಸೆದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು, ಅವರ ಬಟ್ಟಲನ್ನು ಯಾರೂ ಮುಟ್ಟುತ್ತಿರಲಿಲ್ಲ. ಹಿಂದೂ ತಂಡದ ನಾಯಕತ್ವ ಬಾಲೂ ಅವರಿಗೆ ಸಿಗಲೇ ಇಲ್ಲ. 1923ರಲ್ಲಿ ಅವರ ತಮ್ಮ ವಿಠ್ಠಲ ಅವರಿಗೆ ಸಿಕ್ಕಿತು.

ಆಟ ಪರ್ಕಿನ್ಸ್‌ಗೆ ಓದುವ ದಾರಿ ಮಾಡಿಕೊಟ್ಟಿತು, ಧೈರ್ಯ ಕೊಟ್ಟಿತು, ನಾಲ್ಕು ಜನ ಗುರುತಿಸುವಂತೆ ಮಾಡಿತು. ಗೇಟು ತೆರೆದದ್ದು ಅವನು ಅಲ್ಲಿಗೆ ಎರಡನೇ ಸಲ ಹೋದದ್ದರಿಂದ.

ನಮ್ಮ ದೇಶದ ಎರಡು ಕೆರೆಗಳು

ಎರಡನೇ ಸಲ ಹೋಗುವ ಈ ಪಾಠ ನಮ್ಮ ಚರಿತ್ರೆಯಲ್ಲೂ ಇದೆ. ಮಹಾರಾಷ್ಟ್ರದ ಮಹಾಡ ಪುರಸಭೆ 1924ರಲ್ಲೇ ತನ್ನ ಚವದಾರ ಕೆರೆ ಎಲ್ಲರಿಗೂ ಮುಕ್ತ ಎಂದು ಠರಾವು ಮಾಡಿತ್ತು. ಅದು ಕಾಗದದಲ್ಲೇ ಉಳಿಯಿತು. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದು ಹೋಗಿ ಆ ಕೆರೆಯ ನೀರು ಕುಡಿದರು. ಅವರ ಜನರ ಮೇಲೆ ಹಲ್ಲೆ ನಡೆಯಿತು. ಕೆರೆಯನ್ನು ‘ಶುದ್ಧಿ’ ಮಾಡಿದರು. ಆಗಸ್ಟ್‌ನಲ್ಲಿ ಪುರಸಭೆ ತನ್ನ ಹಳೆಯ ಠರಾವನ್ನೇ ಹಿಂತೆಗೆದುಕೊಂಡಿತು. ಅಂಬೇಡ್ಕರ್ ಡಿಸೆಂಬರಿನಲ್ಲಿ ಮತ್ತೆ ಮಹಾಡಕ್ಕೆ ಬಂದರು. ಆಗ ಪರಿಷತ್ತಿಗೆ ಊರಿನಲ್ಲಿ ಜಾಗ ಸಿಗದಿದ್ದಾಗ ತನ್ನ ಜಮೀನು ಕೊಟ್ಟವರು ಫತ್ತೇಖಾನ್ ಎಂಬ ಮುಸ್ಲಿಂ ಗೃಹಸ್ಥರು. ಕೆರೆಯ ವಿವಾದ ನ್ಯಾಯಾಲಯದಲ್ಲಿ ಹತ್ತು ವರ್ಷ ನಡೆದು 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಅಂಬೇಡ್ಕರ್ ಪರವಾಗಿ ಮುಗಿಯಿತು.

ಫತ್ತೇಖಾನರ ಹೆಸರು ಕೇಳಿ ನಮಗೆ ಹೆಮ್ಮೆಯಾಗುತ್ತದೆ. ಆಗಲಿ. ಆದರೆ ಎರಡನೇ ಕೆರೆಯ ಕಥೆಯನ್ನೂ ನಾವು ಓದಬೇಕು. 1934ರಲ್ಲಿ ಅಂಬೇಡ್ಕರ್ ತಮ್ಮ ಸಂಗಡಿಗರೊಂದಿಗೆ ದೌಲತಾಬಾದ್ ಕೋಟೆ ನೋಡಲು ಹೋಗಿದ್ದರು. ಅದು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಮ್ಮ ಕಲಬುರಗಿ ಜಿಲ್ಲೆಯೂ ಆಗ ಅದೇ ಸಂಸ್ಥಾನದಲ್ಲಿತ್ತು. ರಂಜಾನ್ ತಿಂಗಳು. ಪ್ರಯಾಣದ ಧೂಳು ಮೆತ್ತಿದ್ದ ಅವರು ಕೋಟೆ ಬಾಗಿಲ ಬಳಿಯ ಕೆರೆಯ ನೀರಿನಲ್ಲಿ ಕೈಕಾಲು ಮುಖ ತೊಳೆದುಕೊಂಡರು. ಒಬ್ಬ ಮುಸ್ಲಿಂ ವೃದ್ಧ ಕೆರೆ ಮೈಲಿಗೆಯಾಯಿತೆಂದು ಕೂಗುತ್ತ ಓಡಿ ಬಂದ. ಜನ ಸೇರಿ ಬೈಯತೊಡಗಿದರು. ನಿಮ್ಮ ಧರ್ಮ ಕಲಿಸಿದ್ದು ಇದೇ ಏನು, ನಮ್ಮಲ್ಲೊಬ್ಬ ಮುಸ್ಲಿಮನಾದರೆ ಅವನನ್ನೂ ನೀರು ಮುಟ್ಟದಂತೆ ತಡೆಯುತ್ತೀರಾ ಎಂದು ಅಂಬೇಡ್ಕರ್ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಕೊನೆಗೆ ಕೋಟೆ ನೋಡಲು ಬಿಟ್ಟರು. ಆದರೆ ಒಳಗೆ ಎಲ್ಲಿಯೂ ನೀರು ಮುಟ್ಟದಂತೆ ಕಾಯಲು ಒಬ್ಬ ಸಿಪಾಯಿಯನ್ನು ಜೊತೆಗೆ ಕಳಿಸಿದರು. ಇದನ್ನು ಅಂಬೇಡ್ಕರ್ ಅವರೇ ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ.

ಮದೀನಾದಲ್ಲಿ ನೀರು ಮಾರುತ್ತಿದ್ದ ರೂಮಾ ಬಾವಿಯನ್ನು ಹಜರತ್ ಉಸ್ಮಾನ್ (ರ.) ಕೊಂಡುಕೊಂಡು ಎಲ್ಲರಿಗೂ ಬಿಟ್ಟುಕೊಟ್ಟದ್ದನ್ನು ನೀವು ಮದ್ರಸಾದಲ್ಲಿ ಕಲಿತಿದ್ದೀರಿ. ಆ ಪಾಠ ಕಲಿತ ಜನರೇ ದೌಲತಾಬಾದಿನ ಕೆರೆ ಬಳಿ ನಿಂತು ಬೈದರು. ಪಾಠ ಗೊತ್ತಿದ್ದ ಮಾತ್ರಕ್ಕೆ ನೀರು ಎಲ್ಲರಿಗೂ ಸಿಗುವುದಿಲ್ಲ.

ನನ್ನದೊಂದು ಬಾವಿ

ಇತರರ ತಪ್ಪು ಬರೆದ ಮೇಲೆ ನನ್ನದನ್ನೂ ಬರೆಯಬೇಕು. ಏಳನೇ ತರಗತಿಯಲ್ಲಿದ್ದಾಗ ನಮ್ಮೂರ ಶಾಲೆಯಿಂದ ತಾಲ್ಲೂಕು ಕ್ರೀಡಾಕೂಟಕ್ಕೆ ತಯಾರಿ ನಡೆದಿತ್ತು. 400 ಮೀಟರ್ ಓಟದಲ್ಲಿ ನನ್ನ ಒಬ್ಬ ಗೆಳೆಯನನ್ನು ಹಿಡಿಯುವವರೇ ಇರಲಿಲ್ಲ. ಓಟ ಮುಗಿಸಿ ನಾವೆಲ್ಲ ಊರ ಬಾವಿಗೆ ಈಸಲು ಹೋಗುತ್ತಿದ್ದೆವು. ಅವನೂ ಬರುತ್ತಿದ್ದ. ಆದರೆ ಮೆಟ್ಟಿಲು ಇಳಿಯುತ್ತಿರಲಿಲ್ಲ. ಮೇಲೆ ಕುಳಿತು ನಮ್ಮ ಅಂಗಿ ಕಾಯುತ್ತಿದ್ದ. ಇಳಿಯಬೇಡ ಎಂದು ಅಲ್ಲಿ ಬೋರ್ಡು ಇರಲಿಲ್ಲ. ಯಾರೂ ಬಾಯಿ ಬಿಟ್ಟು ಹೇಳಿದ್ದನ್ನು ನಾನು ಕೇಳಲಿಲ್ಲ. ಆದರೂ ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಒಂದು ದಿನ ಅವನು ಮೇಲಿನಿಂದ ಕೇಳಿದ: “ನೀರು ತಣ್ಣಗ ಐತೇನೋ?”

“ಭಾಳ ತಣ್ಣಗ ಐತಿ” ಅಂದೆ. ಅಂದು ಮತ್ತೆ ಮುಳುಗು ಹಾಕಿದೆ.

ಅಷ್ಟೇ. ಅವನನ್ನು ಕೆಳಗೆ ಕರೆಯಬೇಕು ಎಂದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಕರೆಯುವ ಧೈರ್ಯ ಇತ್ತೋ ಇಲ್ಲವೋ. ಮೋರೀಗೆ ಮರಳಿದ ಬಸ್ಸಿನಲ್ಲಿದ್ದ ಬಿಳಿಯ ಹುಡುಗ ಹುಡುಗಿಯರಿಗೆ ಯಾವ ಕೊಳದಲ್ಲೂ ತಡೆ ಇರಲಿಲ್ಲ. ಅವರು ಆರಾಮವಾಗಿ ಈಜಿಕೊಂಡು ಇರಬಹುದಿತ್ತು. ಪರ್ಕಿನ್ಸ್ ಜೊತೆ ಅವರು ತತ್ತಿ ಏಟು ತಿಂದರು. ನಾನು ನೀರೊಳಗಿದ್ದೆ, ಮೇಲೆ ಹತ್ತಿ ಅವನ ಪಕ್ಕ ಕೂರಲೂ ಇಲ್ಲ.

ಪ್ರಶ್ನೆಗೆ ಉತ್ತರ

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಬರುತ್ತೇನೆ. ‘ಎಲ್ಲರೂ ಸಮಾನರು’ ಎಂಬ ಮಾತನ್ನು ಒಪ್ಪದವರು ಕಡಿಮೆ. ನಮ್ಮೂರಿನವರೂ ಒಪ್ಪುತ್ತಿದ್ದರು, ದೌಲತಾಬಾದಿನವರೂ ಒಪ್ಪುತ್ತಿದ್ದರು. ಆದರೆ ತಡೆ ಇರುವುದು ಬಾವಿಯ ಮೆಟ್ಟಿಲಿನಲ್ಲಿ, ಕೆರೆಯ ದಂಡೆಯಲ್ಲಿ, ಕೊಳದ ಗೇಟಿನಲ್ಲಿ. ಅದಕ್ಕೇ ಸಂವಿಧಾನ ಆ ಜಾಗಗಳ ಹೆಸರನ್ನೇ ಹಿಡಿದು ಹೇಳಿತು. ಅಲ್ಲಿ ತಡೆಯಲ್ಪಟ್ಟವನು ಬೆರಳು ತೋರಿಸಿ ‘ಇದು ನನ್ನ ಹಕ್ಕು’ ಎನ್ನಲು ಬರಬೇಕೆಂದು.

ಉತ್ತರದ ಇನ್ನರ್ಧ ಕಾನೂನಿನಲ್ಲಿಲ್ಲ. ತೆರೆದ ಗೇಟು ಮತ್ತೆ ಮುಚ್ಚಬಹುದು. ಮೋರೀಯಲ್ಲೂ ಮುಚ್ಚಿತು, ಮಹಾಡದಲ್ಲೂ ಮುಚ್ಚಿತು. ಆಗ ಮರಳಿ ಹೋಗುವವರು ಬೇಕು.

ನಮ್ಮ ಆಳಂದದ ಕಡೆಯಿಂದ ಹರಿಯುವ ಅಮರ್ಜಾ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಸೇರುತ್ತದೆ. ಅದೇ ಭೀಮೆ ಮುಂದೆ ಜೇವರ್ಗಿ ತಾಲ್ಲೂಕನ್ನು ಹಾದು ಹೋಗುತ್ತದೆ. ಈ ಮೂರೂ ತಾಲ್ಲೂಕಿನಿಂದ ನೀವು ಕಾಲೇಜಿಗೆ ಬರುತ್ತೀರಿ. ಈ ರಜೆಯಲ್ಲಿ ಊರಿಗೆ ಹೋದಾಗ ಬಾವಿ, ಹೊಳೆ, ನಲ್ಲಿ, ಚಹಾದ ಅಂಗಡಿಗಳ ಹತ್ತಿರ ಒಮ್ಮೆ ನಿಂತು ನೋಡಿ. ಯಾರು ಒಳಗಿದ್ದಾರೆ, ಯಾರು ಮೇಲೆ ಕುಳಿತು ಅಂಗಿ ಕಾಯುತ್ತಿದ್ದಾರೆ?

ಚರ್ಚೆಗೆ ಪ್ರಶ್ನೆಗಳು

1. 14ನೇ ವಿಧಿ ಮತ್ತು 15ನೇ ವಿಧಿಯ ಎರಡನೇ ಖಂಡಕ್ಕೆ ಇರುವ ವ್ಯತ್ಯಾಸವನ್ನು ಒಂದು ಉದಾಹರಣೆಯೊಂದಿಗೆ ವಿವರಿಸಿ.

2. ಮಹಾಡ ಮತ್ತು ಮೋರೀ ಘಟನೆಗಳಲ್ಲಿರುವ ಮೂರು ಸಾಮ್ಯಗಳನ್ನು ಗುರುತಿಸಿ.

3. ಮೋರೀ ಪುರಸಭೆಯ 1955ರ ಠರಾವು ತಾನು ಹೇಳುತ್ತಿದ್ದ ಕಾರಣಕ್ಕೆ ಹೊಂದುತ್ತಿರಲಿಲ್ಲ ಎಂದು ಹೇಗೆ ತೋರಿಸುತ್ತೀರಿ?

4. ತಡೆ ಇರುವವನ ಹೊಣೆ ಮತ್ತು ತಡೆ ಇಲ್ಲದವನ ಹೊಣೆ ಒಂದೇ ಏನು? ನಿಮ್ಮ ಅನುಭವದಿಂದ ಬರೆಯಿರಿ. ಇದಕ್ಕೆ ಅಂಕಗಳಿಲ್ಲ.